ಇನ್ನೇನು ಬಂತು

ವಿದ್ಯುತ್ ಕಂಪನಿಯ ದೂರು ವಿಭಾಗದಲ್ಲಿ ಫೋನೆತ್ತುವ ಕೆಲಸ ಮಾಡುತ್ತಿದ್ದವನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಆಫೀಸಿನಲ್ಲಿ, ಬೀದಿಯಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲೂ ಅವನು ಇನ್ನೇನಪ್ಪ. ಕರೆಂಟ್ ಹೋಯಿತೆಂದು ಯಾರು ಫೋನ್ ಮಾಡಿದರೂ ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: ‘ಇನ್ನೇನು ಬಂತು.’ ಕಂಬ ಬಿದ್ದಿರಲಿ, ತಂತಿ ಹರಿದಿರಲಿ, ಲೈನ್‌ಮನ್‌ಗಳು ಇನ್ನೂ ಊಟಕ್ಕೆ ಕೂತಿರಲಿ, ಇನ್ನೇನು ಬಂತು. ಇದನ್ನು ಅವನು ಸುಳ್ಳೆಂದು ಎಣಿಸಿದವನೇ ಅಲ್ಲ. ಜನರ ಮೂಗಿಗೆ ತುಪ್ಪ ಸವರಲೆಂದೇ ಕಂಪನಿ ತನ್ನನ್ನು ಕೂರಿಸಿದೆ, ಸವರುವುದಾದರೆ ಕೈ ಬಿಗಿ ಹಿಡಿಯದೆ ಸವರಬೇಕು ಎಂದು ನಂಬಿದ್ದ.

ಮನೆಯಲ್ಲೂ ಇದೇ ಕತೆ. ಬಚ್ಚಲುಮನೆಯ ನಲ್ಲಿ ಸೋರಲು ತೊಡಗಿ ಎಷ್ಟೋ ಕಾಲವಾಗಿತ್ತು. ಹೆಂಡತಿ ಕೇಳಿದಾಗಲೆಲ್ಲ ಅವನು ‘ಇನ್ನೇನು ಆಯ್ತು’ ಎನ್ನುತ್ತಿದ್ದ. ನಾಳೆ ಎಂದವನ ಮನೆ ಹಾಳು ಅಂತಾರೆ, ಇನ್ನೇನು ಎಂದವನ ಮನೆ ಹಾಳೂ ಆಗುವುದಿಲ್ಲ, ಸುಮ್ಮನೆ ಸೋರುತ್ತಾ ಇರುತ್ತದೆ ಎಂದು ಅವಳು ಬಕೆಟ್ ಇಟ್ಟು ಕೈತೊಳೆದುಕೊಂಡಿದ್ದಳು. ಅವನು ನಕ್ಕು ಒಪ್ಪಿಕೊಂಡ. ತನ್ನನ್ನು ತಾನು ಬೈದುಕೊಳ್ಳುವುದರಲ್ಲಿ ಇನ್ನೇನಪ್ಪ ಯಾರಿಗೂ ಕಡಿಮೆಯಿರಲಿಲ್ಲ. ಬೈದುಕೊಂಡುಬಿಟ್ಟರೆ ಕೆಲಸ ಮಾಡಿದಷ್ಟೇ ಆಯಿತು ಎಂಬ ಸಮಾಧಾನವೂ ಅವನಿಗಿತ್ತು.

ಅಂಥವನ ಕೈಗೆ ಕಂಪನಿ ಒಂದು ಹೊಸ ವ್ಯವಸ್ಥೆ ಕೊಟ್ಟಿತು. ಫೋನಿನಲ್ಲಿ ಆಡಿದ್ದನ್ನೆಲ್ಲ ಕಂಪ್ಯೂಟರೇ ಕೇಳಿಸಿಕೊಳ್ಳುತ್ತದೆ, ಅಗತ್ಯವಾದದ್ದನ್ನು ಆರಿಸಿ ಬರೆದುಕೊಳ್ಳುತ್ತದೆ, ದೂರನ್ನು ತಾನೇ ತೆರೆದು ತಾನೇ ಮುಚ್ಚುತ್ತದೆ. ಆಫೀಸಿನವರು ಅದಕ್ಕೆ ಕಿವಿ ಎಂದು ಹೆಸರಿಟ್ಟರು. ಇನ್ನು ಮೇಲೆ ನೀವು ಏನೂ ಬರೆಯಬೇಕಾಗಿಲ್ಲ, ಮಾತಾಡಿದರೆ ಸಾಕು ಎಂದು ತರಬೇತಿ ಕೊಡಲು ಬಂದವನು ಹೇಳಿದ. ‘ಅಂದ್ರೆ’, ‘ಮತ್ತೆ’, ‘ಅಲ್ವಾ’ ಇಂಥ ಜೊಳ್ಳು ಮಾತುಗಳನ್ನೆಲ್ಲ ಕಿವಿ ತೂರಿಬಿಡುತ್ತದೆ, ಗಟ್ಟಿ ಕಾಳನ್ನಷ್ಟೇ ಉಳಿಸಿಕೊಳ್ಳುತ್ತದೆ ಎಂದೂ ಹೇಳಿದ. ಇನ್ನೇನಪ್ಪನಿಗೆ ಬಹಳ ಖುಷಿಯಾಯಿತು. ಬರೆಯುವುದೆಂದರೆ ಅವನಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ತನ್ನ ಮಾತು ಜೊಳ್ಳೋ ಕಾಳೋ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ.

ಅವನಿಗಿದ್ದುದು ಒಬ್ಬಳೇ ಅಕ್ಕ. ಅಮ್ಮ ಇಲ್ಲದ ಮನೆಯಲ್ಲಿ ಅವನ ಮೂಗೊರೆಸಿ, ತಲೆ ಬಾಚಿ, ಗಣಿತದಲ್ಲಿ ಸೊನ್ನೆ ತಂದಾಗ ಅಪ್ಪನ ಏಟಿಗೆ ಅಡ್ಡ ನಿಂತು ದೊಡ್ಡದು ಮಾಡಿದವಳು. ಈಗ ರೈಲು ಹಳಿಯ ಆಚೆ ಬದಿಯ ಬೀದಿಯಲ್ಲಿ ಇದ್ದಳು. ಭಾವ ತೀರಿಕೊಂಡ ಮೇಲೆ ಅವಳು ಹಿಂದಿನ ಕೋಣೆಯಲ್ಲಿ ಒಂದು ಕಾವು ಪೆಟ್ಟಿಗೆ ತಂದಿಟ್ಟುಕೊಂಡಳು. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಒಳಗೆ ತಟ್ಟೆಗಳ ಮೇಲೆ ತಟ್ಟೆ, ತಟ್ಟೆ ತುಂಬ ಕೋಳಿ ಮೊಟ್ಟೆ. ತಾಯಿ ಕೋಳಿ ಕೂತು ಮಾಡುವ ಕೆಲಸವನ್ನು ಅಲ್ಲಿ ಕರೆಂಟ್ ಮಾಡುತ್ತಿತ್ತು. ಮರಿಯಾದ ಮೇಲೆ ಸಾಕುವವರು ಬಂದು ಒಯ್ಯುತ್ತಿದ್ದರು. ಆ ಕೋಣೆಗೆ ಹೋದರೆ ಅಕ್ಕ ಮೆಲ್ಲಗೆ ಮಾತಾಡುತ್ತಿದ್ದಳು, ತಮ್ಮನೂ ಮೆಲ್ಲಗೇ ಮಾತಾಡಬೇಕಿತ್ತು. ಮೊಟ್ಟೆಗೆ ಕಿವಿ ಇದೆಯೇನೇ ಎಂದು ಅವನು ಗೇಲಿ ಮಾಡುತ್ತಿದ್ದ.

ಆ ಗಾಳಿ ಬಂದದ್ದು ಮರಿಗಳು ಹೊರಬರುವ ಹೊತ್ತಿಗೆ. ರೈಲು ಹಳಿಯ ಆಚೆ ಬದಿಯಲ್ಲಿ ದೊಡ್ಡ ಮರವೊಂದು ತಂತಿಯ ಮೇಲೆ ಬಿತ್ತು, ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಯಿತು, ಅಕ್ಕನ ಬೀದಿಯ ಜೊತೆಗೆ ಅಕ್ಕಪಕ್ಕದ ಬೀದಿಗಳೂ ಕತ್ತಲಾದವು. ಹೊಸ ಟ್ರಾನ್ಸ್‌ಫಾರ್ಮರ್ ಉಗ್ರಾಣದಲ್ಲಿತ್ತು, ಉಗ್ರಾಣದಿಂದ ತರುವ ಲಾರಿ ರಿಪೇರಿಗೆ ಹೋಗಿತ್ತು, ಲಾರಿ ರಿಪೇರಿ ಮಾಡುವವನ ಅಂಗಡಿಗೆ ಕರೆಂಟ್ ಇರಲಿಲ್ಲ. ಇದೆಲ್ಲವೂ ಇನ್ನೇನಪ್ಪನಿಗೆ ಬೆಳಿಗ್ಗೆಯೇ ಗೊತ್ತಿತ್ತು. ಗೊತ್ತಿದ್ದೂ ಅವನು ಫೋನೆತ್ತಿ, ‘ಇನ್ನೇನು ಬಂತು ಸಾರ್, ಫ್ರಿಜ್ ಬಾಗಿಲು ತೆಗೀಬೇಡಿ’ ಎಂದ. ಮುಂದಿನವರಿಗೆ ‘ಇನ್ನೇನು ಬಂತು ಮೇಡಂ, ಫ್ರಿಜ್ ಬಾಗಿಲು ತೆಗೀಬೇಡಿ’ ಎಂದ. ಫೋನು ಬಡಿದುಕೊಳ್ಳುತ್ತಲೇ ಇತ್ತು, ಅವನು ಎತ್ತಿ ಇಡುತ್ತಲೇ ಇದ್ದ. ಬಾಯಿ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಮಧ್ಯಾಹ್ನದ ಡಬ್ಬಿಯಲ್ಲಿ ಏನಿದೆ ಎಂದು ಯೋಚಿಸುತ್ತಿತ್ತು. ಸ್ವಂತ ಮೊಬೈಲನ್ನು ಕೆಲಸದ ಹೊತ್ತಿನಲ್ಲಿ ಡ್ರಾಯರಿನಲ್ಲಿಡಬೇಕು ಎಂಬುದು ಆಫೀಸಿನ ನಿಯಮ. ಅಕ್ಕನ ಮನೆಗೂ ಕರೆಂಟ್ ಇರಲಾರದು, ಸಂಜೆ ಹೋಗುವಾಗ ಒಂದು ಫೋನ್ ಮಾಡಬೇಕು ಎಂದು ಒಮ್ಮೆ ಅಂದುಕೊಂಡ. ಸಂಜೆ ಮರೆತ. ಮರುದಿನ ಮತ್ತೆ ಅಂದುಕೊಂಡ.

ಮೂರನೆಯ ದಿನ ಸಂಜೆ ಕರೆಂಟ್ ಬಂದಾಗ ಹಳಿಯ ಆಚೆ ಬದಿಯ ಬೀದಿ ಬೀದಿಯೇ ‘ಬಂತು’ ಎಂದು ಕೂಗಿತಂತೆ. ಎಲ್ಲ ಮನೆಯಿಂದಲೂ ಒಟ್ಟಿಗೆ ಬರುವ ಆ ಕೂಗು ಅವನಿಗೆ ಚಿಕ್ಕಂದಿನಿಂದ ಗೊತ್ತು. ಕತ್ತಲಲ್ಲಿ ಅಕ್ಕನ ಸೆರಗು ಹಿಡಿದು ಕೂತವನು ತಾನೂ ಗಂಟಲು ಹರಿಯುವಂತೆ ಕೂಗುತ್ತಿದ್ದ. ಈ ಸಲ ಅಕ್ಕನ ಮನೆಯಿಂದ ಮಾತ್ರ ಕೂಗು ಬರಲಿಲ್ಲ ಎಂದು ಅವನಿಗೆ ಆಮೇಲೆ ತಿಳಿಯಿತು.

ಅಷ್ಟರಲ್ಲಿ ಆಫೀಸಿನಲ್ಲಿ ಅವನ ಅದೃಷ್ಟ ಖುಲಾಯಿಸಿತ್ತು. ಅತಿ ಬೇಗ ಕರೆಂಟ್ ಮರಳಿಸಿದ ವಿಭಾಗ ಎಂದು ಅವನ ವಿಭಾಗಕ್ಕೆ ಹೊಗಳಿಕೆ ಬಂತು, ವಿಭಾಗದಲ್ಲಿ ಅತಿ ಹೆಚ್ಚು ದೂರು ಮುಗಿಸಿದವನು ಎಂದು ಅವನಿಗೆ ಬಂತು. ದೊಡ್ಡ ಸಾಹೇಬರು ಅವನ ಫೋಟೋ ತೆಗೆಸಿ ಮೆಟ್ಟಿಲ ಬಳಿ ನೇತುಹಾಕಿಸಿದರು. ಫೋಟೋದಲ್ಲಿ ಅವನು ಇಂಗು ತಿಂದ ಮಂಗನ ಹಾಗಿದ್ದ. ತಾನು ಏನು ಮಾಡಿದೆ ಎಂದು ಅವನಿಗೂ ತಿಳಿದಿರಲಿಲ್ಲ. ಆದರೆ ಹೊಗಳಿಕೆಯನ್ನು ಅರ್ಥ ಮಾಡಿಕೊಂಡು ಸ್ವೀಕರಿಸುವವರು ಲೋಕದಲ್ಲಿ ಯಾರಿದ್ದಾರೆ, ಕೊಟ್ಟರೆ ಇಟ್ಟುಕೊಳ್ಳುವುದೇ ಲಕ್ಷಣ ಎಂದುಕೊಂಡ. ಖಾಲಿಯಾಗಲಿರುವ ಮೇಲ್ವಿಚಾರಕರ ಕುರ್ಚಿ ಅವನಿಗೇ ಎಂದು ಸಾಹೇಬರು ಹೆಗಲು ತಟ್ಟಿದರು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಎನ್ನುವಂತೆ ಅವನು ಆ ಕುರ್ಚಿಗೆ ಯಾವ ಬಣ್ಣದ ದಿಂಬು ಹಾಕಲಿ ಎಂದು ಹೆಂಡತಿಯನ್ನು ಕೇಳಿದ. ಮೊದಲು ನಲ್ಲಿ ಎಂದಳು ಅವಳು.

ಕೆಲವು ವಾರಗಳ ಮೇಲೆ ಒಂದು ಭಾನುವಾರ ಅಕ್ಕನ ಮನೆಗೆ ಹೋದ. ಹಿಂದಿನ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಪೆಟ್ಟಿಗೆಯ ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದಳು. ಅಕ್ಕ ಗಟ್ಟಿಯಾಗಿಯೇ ಮಾತಾಡುತ್ತಿದ್ದಳು. ಮೆಲ್ಲಗೆ ಮಾತಾಡಬೇಕಾದ ಕಾರಣ ಆ ಕೋಣೆಯಲ್ಲಿ ಉಳಿದಿರಲಿಲ್ಲ.

ಒಂದೂ ಉಳಿಯಲಿಲ್ಲ ಎಂದಳು. ಕಂಪನಿಗೆ ಅರ್ಜಿ ಹಾಕಿದ್ದಳಂತೆ. ಒಂದಿಡೀ ದಿನಕ್ಕಿಂತ ಹೆಚ್ಚು ಹೊತ್ತು ಎಡೆಬಿಡದೆ ಕರೆಂಟ್ ಹೋದರೆ ಗ್ರಾಹಕರಿಗಾದ ನಷ್ಟವನ್ನು ಕಂಪನಿ ತುಂಬಿಕೊಡಬೇಕು ಎಂಬ ನಿಯಮ ಇದೆ. ಅದನ್ನು ಕಂಪನಿಯೇ ದೂರು ವಿಭಾಗದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿತ್ತು. ಇನ್ನೇನಪ್ಪನ ಕುರ್ಚಿ ಅದಕ್ಕೆ ಬೆನ್ನು ಹಾಕಿ ಇದ್ದುದರಿಂದ ಅವನೊಬ್ಬ ಅದನ್ನು ಓದಿರಲಿಲ್ಲ. ಕಂಪನಿಯಿಂದ ಬಂದ ಉತ್ತರವನ್ನು ಅಕ್ಕ ಬಾಯಲ್ಲೇ ಹೇಳಿದಳು. ನಿಮ್ಮ ಬೀದಿಯಲ್ಲಿ ಕರೆಂಟ್ ಹೋದದ್ದು ನಿಜ, ಆದರೆ ಪದೇ ಪದೇ ಬಂದಿದೆ, ಎಡೆಬಿಡದೆ ಹೋಗಿಲ್ಲ, ಆದ್ದರಿಂದ ಪರಿಹಾರವಿಲ್ಲ. ಬೀದಿಯವರಿಗೆಲ್ಲ ಇದೇ ಉತ್ತರ. ಹೊಸ ಮೊಟ್ಟೆ ತರಲು ಕೈಯಲ್ಲಿ ಏನೂ ಇಲ್ಲ, ಪರಿಹಾರ ಬರದಿದ್ದರೆ ಪೆಟ್ಟಿಗೆ ಮಾರಬೇಕು, ಕೊಳ್ಳುವವನು ಬಂದು ನೋಡಿಯೂ ಹೋಗಿದ್ದಾನೆ ಎಂದಳು. ಆಮೇಲೆ ತಮ್ಮನ ಮುಖ ನೋಡಿ, “ಬಂತು ಬಂತು ಅಂತ ಬರ್ದಿದ್ದಾರಲ್ಲೋ, ಎಲ್ಲಿಗೆ ಬಂತು?” ಎಂದು ಕೇಳಿದಳು.

ಆ ಒಂದು ಪದ ಅವಳ ಬಾಯಲ್ಲಿ ಬಂದೊಡನೆ ಅದು ತನ್ನದೇ ಮಾತೆಂದು ಇನ್ನೇನಪ್ಪನಿಗೆ ಗುರುತು ಸಿಕ್ಕಿತು. ನಮ್ಮ ಮಾತೇ ಹಾಗೆ. ಹೊರಡುವ ಮುಂಚೆಯೇ ‘ಬಂದೆ’ ಎನ್ನುತ್ತೇವೆ, ಒಲೆ ಹಚ್ಚುವ ಮುಂಚೆಯೇ ‘ಅಡುಗೆ ಆಯ್ತು’ ಎನ್ನುತ್ತೇವೆ, ಕೇಳುವವರೂ ಅದಕ್ಕೆ ತಕ್ಕಂತೆ ಕಾಯುತ್ತಾರೆ. ಕಿವಿಗೆ ಇದನ್ನು ಯಾರು ಹೇಳಿಕೊಟ್ಟಿದ್ದರು? ‘ಇನ್ನೇನು’ ಎಂಬುದನ್ನು ಅದು ಜೊಳ್ಳೆಂದು ತೂರಿಬಿಟ್ಟಿತ್ತು, ‘ಬಂತು’ ಎಂಬುದನ್ನು ಕಾಳೆಂದು ಆರಿಸಿ ಇಟ್ಟುಕೊಂಡಿತ್ತು. ಅವನು ಬಂತು ಎಂದಾಗಲೆಲ್ಲ ಆ ಬೀದಿಗೆ ಕರೆಂಟ್ ಬಂದಿತ್ತು. ಮುಂದಿನವರು ಫೋನ್ ಮಾಡಿದಾಗ ಹೊಸದಾಗಿ ಹೋಗಿತ್ತು, ಅವನು ಮತ್ತೆ ಬಂತು ಎಂದ, ಮತ್ತೆ ಬಂದಿತ್ತು. ಮೂರು ದಿನದ ಒಂದು ಕತ್ತಲನ್ನು ಅವನ ನಾಲಿಗೆ ಚೂರು ಚೂರು ಮಾಡಿ ಹಾಕಿತ್ತು, ಯಾವ ಚೂರೂ ಒಂದು ದಿನದಷ್ಟು ಉದ್ದವಿರಲಿಲ್ಲ. ಮೆಟ್ಟಿಲ ಬಳಿಯ ಫೋಟೋ ಯಾವುದಕ್ಕೆ ಎಂದು ಈಗ ಅರ್ಥವಾಯಿತು.

“ನಾನೂ ಫೋನ್ ಮಾಡಿದ್ದೆ,” ಎಂದಳು ಅಕ್ಕ. “ನಿನ್ನ ಮೊಬೈಲ್ ಎತ್ತಲಿಲ್ಲ. ಆಫೀಸಿನ ನಂಬರ್‌ಗೆ ಮಾಡ್ದೆ. ನೀನೇ ಎತ್ತಿದ್ದು.”

ತನಗೆ ನೆನಪಿಲ್ಲ ಎಂದು ಅವನು ಹೇಳಿದ. ಅದು ನಿಜವಾಗಿತ್ತು, ನಿಜವಾಗಿದ್ದೇ ಹೆಚ್ಚು ಕೆಟ್ಟದಾಗಿತ್ತು.

ಆ ಹೊತ್ತಿಗೆ ಮೊಟ್ಟೆಗಳ ಒಳಗಿಂದ ತಟ್ಟುವ ಸದ್ದು ಶುರುವಾಗಿತ್ತಂತೆ. ಮುಂದಿನ ರಸ್ತೆಯ ಬೇಕರಿಯವನು ಜನರೇಟರ್ ಇದೆ, ತಟ್ಟೆಗಳನ್ನು ತಂದುಬಿಡಿ, ಒಲೆಯ ಪಕ್ಕದ ಕೋಣೆಯಲ್ಲಿ ಇಡೋಣ ಎಂದಿದ್ದ. ಆದರೆ ಸಾಗಿಸಬೇಕಾದರೆ ಪೆಟ್ಟಿಗೆ ತೆಗೆಯಬೇಕು, ತೆಗೆದರೆ ಉಳಿದ ಕಾವೂ ಹೋಗುತ್ತದೆ. ಕರೆಂಟ್ ಬೇಗ ಬರುವುದಾದರೆ ಮುಟ್ಟದಿರುವುದೇ ಮೇಲು, ತಡವಾಗುವುದಾದರೆ ಆಗಲೇ ಎತ್ತಿಕೊಂಡು ಓಡಬೇಕು. ಅದನ್ನೇ ಕೇಳಲು ಫೋನ್ ಮಾಡಿದ್ದಳು. ಮೊಟ್ಟೆ ಎತ್ತಿಕೊಂಡು ಹೋಗಲೋ ಇಲ್ಲೇ ಇರಲೋ ಎಂದು ಕೇಳಿದಳು. ಅವನು ಇನ್ನೇನು ಬಂತು ಮೇಡಂ, ಬಾಗಿಲು ತೆಗೀಬೇಡಿ ಎಂದ. ನೀನೇ ಹೇಳ್ತಿದ್ದೀಯಲ್ಲ ಅಂತ ಬಾಗಿಲು ತೆಗೀಲಿಲ್ಲ ಎಂದಳು.

“ನಾನು ಕಣೋ ಅಂತ ಯಾಕೆ ಹೇಳಲಿಲ್ಲ ಅಕ್ಕ?”

“ನಿನಗೆ ಗೊತ್ತಿದೆ ಅಂದ್ಕೊಂಡೆ. ಎದುರಿಗೆ ಯಾರೋ ಸಾಹೇಬರು ನಿಂತಿರ್ಬೇಕು, ಅದಕ್ಕೆ ಮೇಡಂ ಅಂತಿದ್ದಾನೆ ಅಂದ್ಕೊಂಡೆ.” ಅವಳು ನಕ್ಕಳು. “ಮೇಡಂ ಅಂದೆ ಕಣೋ ನನ್ನ.”

ಅವಳು ಬೈದಿದ್ದರೆ ಅವನಿಗೆ ಅಭ್ಯಾಸವಿತ್ತು. ನಕ್ಕದ್ದು ತಡೆಯಲಾಗಲಿಲ್ಲ. ನಗುತ್ತಲೇ ಅವಳು, ರಾತ್ರಿಯಾಗುತ್ತಾ ತಟ್ಟುವ ಸದ್ದು ಕಡಿಮೆಯಾಯಿತು, ಆಮೇಲೆ ಒಂದೆರಡೇ ಕೇಳಿಸುತ್ತಿದ್ದವು, ಆಮೇಲೆ ಇಲ್ಲ ಎಂದಳು. ಪೆಟ್ಟಿಗೆಗೆ ಕಿವಿಯಿಟ್ಟು ಕೂತೇ ಇದ್ದಳಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಅವನಿಗೆ ಹೇಳಿಕೊಟ್ಟವಳು ಅವಳೇ. ಒಡೆಯದೆಯೂ ಹೋಗುತ್ತದೆ ಎಂಬುದನ್ನು ಅವನು ಅವಳಿಗೆ ಕಲಿಸಿದ್ದ.

ಮನೆಗೆ ಬಂದವನು ಹೆಂಡತಿಗೆ ಎಲ್ಲ ಹೇಳಿದ. ತಾನು ಎಂಥ ಕತ್ತೆ, ಎಂಥ ಬಾಯಿಬಡುಕ, ತನ್ನ ಫೋಟೋ ಯಾಕೆ ಹಾಕಿದರು, ಹಾಕುವುದಾದರೆ ಹಾರ ಹಾಕಿ ಹಾಕಬೇಕಿತ್ತು ಎಂದು ಬಣ್ಣಬಣ್ಣವಾಗಿ ಬೈದುಕೊಂಡ. ಹೆಂಡತಿ ಪಾತ್ರೆ ಒರೆಸುತ್ತಾ ಪೂರ್ತಿ ಕೇಳಿದಳು. “ಬೈಕೊಂಡಿದ್ದು ಆಯ್ತಾ? ಈಗ ಏನು ಮಾಡ್ತೀರಾ?” ಎಂದಳು. ತನ್ನನ್ನು ಬೈದುಕೊಂಡ ಮೇಲೂ ಏನಾದರೂ ಮಾಡುವುದು ಬಾಕಿ ಇರುತ್ತದೆ ಎಂಬುದು ಅವನಿಗೆ ಹೊಸ ವಿಷಯ.

ಬೀದಿಯವರೆಲ್ಲ ಸೇರಿ ಮೇಲಿನವರಿಗೆ ದೂರು ಕೊಟ್ಟಿದ್ದರಿಂದ ಒಂದು ವಿಚಾರಣೆ ಗೊತ್ತಾಗಿತ್ತು. ಕಂಪನಿಗೆ ಸೇರದ ಒಬ್ಬ ಅಧಿಕಾರಿ ಮೇಡಂ ಹೊರಗಿನಿಂದ ಬರುವವರಿದ್ದರು. ಕಂಪನಿಯ ಪರವಾಗಿ ಮಾತಾಡಲು ದೊಡ್ಡ ಸಾಹೇಬರು, ಸಾಹೇಬರ ಸಾಕ್ಷಿಯಾಗಿ ಯಾರು ಎಂದರೆ ಮೆಟ್ಟಿಲ ಬಳಿಯ ಫೋಟೋದವನು. ಬೆಂಕಿ ಹಚ್ಚಿದವನನ್ನೇ ಬಾವಿ ತೋಡಲು ಕರೆದ ಹಾಗಾಯಿತು. ಹೆಚ್ಚೇನೂ ಇಲ್ಲ, ಕರೆಂಟ್ ಬಂತು ಅಂತ ಗ್ರಾಹಕರಿಗೆ ಹೇಳಿದ್ದು ನೀನೇನಾ ಎಂದು ಕೇಳುತ್ತೇನೆ, ಹೌದು ಅನ್ನು, ಮುಗೀತು ಎಂದು ಸಾಹೇಬರು ಹೇಳಿಕೊಟ್ಟರು. ಮೇಲ್ವಿಚಾರಕರ ಕುರ್ಚಿಯ ಮಾತನ್ನೂ ಅದರ ಜೊತೆಗೇ ಎತ್ತಿದರು. ಇನ್ನೇನಪ್ಪ ತಲೆಯಾಡಿಸಿದ. ಹೌದು ಎನ್ನುವುದು ಸುಳ್ಳೂ ಅಲ್ಲ, ಅವನು ಹೇಳಿದ್ದು ಹೌದಷ್ಟೆ. ಇಷ್ಟು ಸಲೀಸಾದ ನಿಜ ಅವನ ಆಯುಷ್ಯದಲ್ಲೇ ಸಿಕ್ಕಿರಲಿಲ್ಲ.

ವಿಚಾರಣೆ ಕಂಪನಿಯ ಸಭೆಯ ಕೋಣೆಯಲ್ಲಿ ನಡೆಯಿತು. ಉದ್ದನೆಯ ಮೇಜು, ಸುತ್ತ ಬೀದಿಯವರು, ಮೂಲೆಯಲ್ಲಿ ಅಕ್ಕ. ಅವಳು ಮದುವೆಗೆ ಹೋಗುವವಳಂತೆ ಸೀರೆಯ ನೆರಿಗೆ ತೀಡಿಕೊಂಡು ಬಂದಿದ್ದಳು. ಅಧಿಕಾರಿ ಮೇಡಂ ಕನ್ನಡಕದ ಮೇಲಿಂದ ನೋಡುವ, ಮಾತು ಕಡಿಮೆಯ ಹೆಂಗಸು. ಬಂದೊಡನೆ ಟೀ ಬೇಕೆಂದರು. ಅಟೆಂಡರ್ ಹೋದ.

ಸಾಹೇಬರು ಕಿವಿ ಕೇಳಿಸಿಕೊಂಡದ್ದನ್ನೇ ಸಾಕ್ಷಿಯಾಗಿ ತಂದಿದ್ದರು. ಬರಹವಷ್ಟೇ ಸಾಲದು, ಆಡಿದ ಮಾತೂ ಕೇಳಿಸಬೇಕು ಎಂದರು ಮೇಡಂ. ಸಾಹೇಬರು ಹೆಮ್ಮೆಯಿಂದ ಗುಂಡಿ ಒತ್ತಿದರು. ಕೋಣೆಯಲ್ಲಿ ಇನ್ನೇನಪ್ಪನ ದನಿ ತುಂಬಿಕೊಂಡಿತು. ಇನ್ನೇನು ಬಂತು ಸಾರ್. ಇನ್ನೇನು ಬಂತು ಮೇಡಂ. ಇನ್ನೇನು ಬಂದೇ ಬಿಡ್ತು ಅಜ್ಜಿ. ತನ್ನ ದನಿ ಇಷ್ಟು ಸಿಹಿಯಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬೀದಿಯವರು ಒಬ್ಬೊಬ್ಬರಾಗಿ ತಮ್ಮ ತಮ್ಮ ದನಿ ಗುರುತಿಸಿ ಅವನ ಕಡೆ ತಿರುಗಿದರು. ಕೊನೆಗೆ ಅಕ್ಕನ ದನಿ ಬಂತು.

“ಮೊಟ್ಟೆ ಎತ್ಕೊಂಡು ಬೇರೆ ಕಡೆ ಹೋಗ್ಲಾ, ಇಲ್ಲೇ ಇರ್ಲಾ? ನಿಜ ಹೇಳು.”

“ಇನ್ನೇನು ಬಂತು ಮೇಡಂ. ಬಾಗಿಲು ತೆಗೀಬೇಡಿ.”

“ನೀನು ಹೇಳಿದ್ರೆ ಸರಿ.”

“ಧನ್ಯವಾದ ಮೇಡಂ.”

ಅಪರಿಚಿತರು ಯಾರೂ ಅವನನ್ನು ನೀನು ಎನ್ನುವುದಿಲ್ಲ. ಒಂದೇ ಒಂದು ಗಳಿಗೆ ಕೇಳಿಸಿಕೊಂಡಿದ್ದರೆ ಆ ನೀನು ಎಂಬುದರಲ್ಲೇ ಅಕ್ಕ ಸಿಗುತ್ತಿದ್ದಳು. ಇನ್ನೇನಪ್ಪ ಮೇಜಿನ ಮೇಲಿನ ಗೀರನ್ನು ನೋಡುತ್ತಾ ಕೂತ.

ಸಾಹೇಬರು ಗಂಟಲು ಸರಿಮಾಡಿಕೊಂಡು, ಕರೆಂಟ್ ಬಂತು ಎಂದು ಹೇಳಿದವನು ನೀನೇ ತಾನೇ ಎಂದು ಕೇಳಿದರು.

“ನಾನೇ ಸಾರ್,” ಎಂದ. ಅಲ್ಲಿಗೆ ಮುಗಿಸಿದ್ದರೆ ದಿಂಬಿನ ಬಣ್ಣ ಆರಿಸಬಹುದಿತ್ತು. “ಆದ್ರೆ ಬಂದಿರ್ಲಿಲ್ಲ.”

ಸಾಹೇಬರು ಗಾಬರಿಯಾದರು. ಮೇಡಂ ಕನ್ನಡಕ ಸರಿಸಿ, ಬಾರದೇ ಇದ್ದುದನ್ನು ಬಂತು ಎಂದಿರಾ ಎಂದು ಕೇಳಿದರು. ಬರುತ್ತದೆ ಎನ್ನುವುದಕ್ಕೆ ಬಂತು ಎಂದೆ, ಎಲ್ಲರೂ ಹೇಳುವ ಹಾಗೆ ಎಂದು ಅವನು ತೊದಲಿದ. ಹಾಗೆ ಯಾರು ಹೇಳುತ್ತಾರೆ, ಬಂತು ಎಂದರೆ ಬಂತು, ನಾವೆಲ್ಲ ವ್ಯಾಕರಣ ಓದಿದವರೇ ಎಂದು ಸಾಹೇಬರು ತಡೆದರು. ಮೇಡಂ ಬಾಗಿಲ ಕಡೆ ತಿರುಗಿ, “ಟೀ ಏನಾಯ್ತಪ್ಪಾ?” ಎಂದರು.

“ಬಂತು ಮೇಡಂ,” ಎಂದು ಹೊರಗಿನಿಂದ ಅಟೆಂಡರ್ ಕೂಗಿದ.

ಎಲ್ಲರೂ ಬಾಗಿಲು ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಕೋಣೆ ಕಾಯಿತು. ಸಾಹೇಬರು ಕಾದರು. ಮೇಡಂ ಕೈಕಟ್ಟಿಕೊಂಡು ಕಾದರು. ಬಹಳ ಹೊತ್ತಿನ ಮೇಲೆ ದೂರದಲ್ಲೆಲ್ಲೋ ಲೋಟ ತೊಳೆಯುವ ಸದ್ದು ಕೇಳಿಸಿತು. ಬೀದಿಯವರು ಮೊದಲು ನಕ್ಕರು, ಆಮೇಲೆ ಸಾಹೇಬರನ್ನು ಬಿಟ್ಟು ಉಳಿದವರೆಲ್ಲ ನಕ್ಕರು. ಇನ್ನೇನಪ್ಪನಿಗೆ ಜೀವ ಬಂದಂತಾಯಿತು. ತಪ್ಪು ತನ್ನದಲ್ಲ, ಭಾಷೆಯದು. ಪೂರ್ವಜರದು.

ಮೇಡಂ ಮಾತ್ರ ನಗು ಮುಗಿಸಿ ಮತ್ತೆ ಅವನನ್ನೇ ನೋಡಿದರು. “ಸರಿ, ಅದು ಮಾತಿನ ರೂಢಿ. ಒಪ್ದೆ. ಆದ್ರೆ ಬರುತ್ತೆ ಅಂತಾದ್ರೂ ನಿಮಗೆ ಗೊತ್ತಿತ್ತಾ?”

ಪೂರ್ವಜರು ಅವನನ್ನು ಅಲ್ಲೇ ಕೈಬಿಟ್ಟು ಹೋದರು. ಅವನು ಅಕ್ಕನ ಕಡೆ ನೋಡಿದ. ಅವಳು ತಲೆ ಅಲ್ಲಾಡಿಸುತ್ತಿದ್ದಳು, ಬೇಡ, ಹೇಳಬೇಡ ಎಂಬಂತೆ. ಅಪ್ಪನ ಏಟಿಗೆ ಅಡ್ಡ ನಿಲ್ಲುತ್ತಿದ್ದ ಹಳೆಯ ಮುಖ ಅದು. ಇಷ್ಟಾದ ಮೇಲೂ ಅವಳಿಗೆ ತಮ್ಮನ ಕೆಲಸದ ಚಿಂತೆ.

“ಗೊತ್ತಿರ್ಲಿಲ್ಲ ಮೇಡಂ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದು ಗೊತ್ತಿತ್ತು. ಹೊಸದು ಉಗ್ರಾಣದಿಂದ ಹೊರಟೇ ಇಲ್ಲ ಅಂತಾನೂ ಗೊತ್ತಿತ್ತು.”

“ಮತ್ತೆ ಯಾಕೆ ಹೇಳಿದ್ರಿ?”

“ಫೋನ್ ಇಡ್ಲಿ ಅಂತ,” ಎಂದ ಇನ್ನೇನಪ್ಪ.

ಯಾರೂ ನಗಲಿಲ್ಲ. ಅವನ ಜೀವಮಾನದಲ್ಲಿ ಅವನು ತನ್ನ ಬಗ್ಗೆ ಆಡಿದ ಮಾತುಗಳಲ್ಲಿ ತಮಾಷೆಯಿಲ್ಲದ್ದು ಅದೊಂದೇ. ಅದೇ ಹೊತ್ತಿಗೆ ಟೀ ಬಂತು, ಯಾರೂ ಮುಟ್ಟಲಿಲ್ಲ.

ಕತ್ತಲು ಒಂದೇ, ಮೂರು ದಿನವೂ ಎಡೆಬಿಡದೆ ಇತ್ತು, ಬೀದಿಯವರ ನಷ್ಟವನ್ನು ಕಂಪನಿ ತುಂಬಿಕೊಡಬೇಕು ಎಂದು ಮೇಡಂ ಹೇಳಿದರು. ಸಾಹೇಬರು ಕೊನೆಯದಾಗಿ ಒಂದು ತಕರಾರು ಎತ್ತಿದರು: ಈ ಹೆಂಗಸು ಮರಿಯ ಬೆಲೆ ಕೇಳಿದ್ದಾರೆ, ಹೋದದ್ದು ಮೊಟ್ಟೆ, ಆದ್ದರಿಂದ ಅಡುಗೆಮನೆಯ ಮೊಟ್ಟೆಗೆ ಕೊಡುವಷ್ಟೇ ಕೊಡಬೇಕು. ಅಕ್ಕ ಎದ್ದು ನಿಂತಳು. ಸಾಹೇಬರ ಮೇಲೆ ಅವಳಿಗೆ ಸಿಟ್ಟೂ ಇದ್ದಂತಿರಲಿಲ್ಲ.

“ಮೊಟ್ಟೆ ಬಾಗಿಲು ತಟ್ಟಲ್ಲ ಸಾರ್,” ಎಂದಳು.

ಮೇಡಂ ಮರಿ ಎಂದೇ ಬರೆದುಕೊಂಡರು.

ಮಾರನೆಯ ದಿನ ಮೆಟ್ಟಿಲ ಬಳಿ ಮೊಳೆ ಮಾತ್ರ ಉಳಿದಿತ್ತು. ಮೇಲ್ವಿಚಾರಕರ ಕುರ್ಚಿ ಇನ್ನೊಬ್ಬನಿಗೆ ಹೋಯಿತು. ಇನ್ನೇನಪ್ಪನಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಫೋನಿನ ಕುರ್ಚಿಯೂ ಉಳಿಯಿತು. ಅದು ಕಂಪನಿಯ ದಯೆಯಲ್ಲ. ಬೈಗುಳ ತಿನ್ನುವ ಆ ಜಾಗಕ್ಕೆ ಬೇರೆ ಯಾರೂ ಬರಲು ಒಪ್ಪಲಿಲ್ಲ. ಈಗ ಯಾರಾದರೂ ಕರೆಂಟ್ ಯಾವಾಗ ಬರುತ್ತೆ ಎಂದರೆ ಅವನು ಲೈನ್‌ಮನ್‌ಗೆ ಕೇಳಿ ಹೇಳುತ್ತಿದ್ದ, ಲೈನ್‌ಮನ್‌ಗೂ ತಿಳಿಯದಿದ್ದರೆ ‘ಗೊತ್ತಿಲ್ಲ’ ಎನ್ನುತ್ತಿದ್ದ. ಜನ ಹೆಚ್ಚು ಬೈದರು, ಆದರೆ ಬೈದು ಮುಗಿಸಿ ತಮ್ಮ ತಮ್ಮ ದಾರಿ ನೋಡಿಕೊಂಡರು. ಕಿವಿಗೆ ಮಾತ್ರ ದಿಕ್ಕು ತೋಚದಾಯಿತು. ಗೊತ್ತಿಲ್ಲ ಎಂಬ ಮಾತಿಗೆ ದೂರು ಮುಚ್ಚುವುದು ಹೇಗೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಅವನ ದೂರುಗಳೆಲ್ಲ ಬಾಯಿ ತೆರೆದುಕೊಂಡೇ ಇರುತ್ತಿದ್ದವು.

ನಲ್ಲಿಯನ್ನೂ ರಿಪೇರಿ ಮಾಡಿದ. ಈಗ ಇನ್ನೊಂದು ಕಡೆಯಿಂದ ಸೋರುತ್ತಿತ್ತು. ಸೋರುವ ಜಾಗ ಬದಲಾದದ್ದೂ ಒಂದು ಪ್ರಗತಿಯೇ ಎಂದು ಹೆಂಡತಿ ಬಕೆಟ್ ಸರಿಸಿ ಇಟ್ಟಳು.

ಅಕ್ಕನ ಮನೆಗೆ ಮಾತ್ರ ಅವನು ಹೋಗಿರಲಿಲ್ಲ. ಪರಿಹಾರ ಬಂತು, ಪೆಟ್ಟಿಗೆ ಕೊಳ್ಳುವವನನ್ನು ಅವಳು ಹಿಂದಕ್ಕೆ ಕಳಿಸಿದಳು, ಹೊಸ ಮೊಟ್ಟೆ ಇಟ್ಟಳು ಎಂದೆಲ್ಲ ಹೆಂಡತಿಯಿಂದ ಕೇಳಿ ತಿಳಿದಿದ್ದ. ಯಾವ ಮುಖ ಹೊತ್ತು ಹೋಗುವುದು ಎಂದು ತಿಳಿಯದೆ ದಿನ ದೂಡಿದ. ಒಂದು ಸಂಜೆ ಆಫೀಸಿನ ಫೋನ್ ಬಡಿದುಕೊಂಡಿತು. ಎತ್ತಿ, ‘ಹೇಳಿ’ ಎಂದ.

“ಯಾರು ಅಂತ ಗೊತ್ತಾಯ್ತಾ?”

“ಗೊತ್ತಾಯ್ತು ಅಕ್ಕ.”

“ಪೆಟ್ಟಿಗೆ ಒಳಗೆ ತಟ್ಟೋಕೆ ಶುರು ಮಾಡಿವೆ,” ಎಂದಳು. ಮತ್ತೆ ಮೆಲ್ಲಗೆ ಮಾತಾಡುತ್ತಿದ್ದಳು. “ಬರ್ತೀಯಾ?”

ಇನ್ನೇನು ಎಂಬಷ್ಟು ಅವನ ಬಾಯಿಂದ ಹೊರಟೇಬಿಟ್ಟಿತ್ತು. ಉಳಿದದ್ದನ್ನು ನುಂಗಿಕೊಂಡ. ಆ ಕಡೆ ಅವಳು ಕಾಯುತ್ತಿದ್ದಳು.

“ಬಂದ್ಮೇಲೆ ಹೇಳ್ತೀನಿ ಅಕ್ಕ,” ಎಂದ.

ಕಿವಿ ಅಕ್ಕನ ಹೆಸರಿನಲ್ಲಿ ಹೊಸ ದೂರೊಂದನ್ನು ತೆರೆದಿಟ್ಟಿತು. ಅವನು ಡ್ರಾಯರಿನಿಂದ ಮೊಬೈಲ್ ತೆಗೆದುಕೊಂಡು, ದಾರಿಯಲ್ಲಿ ಎಲ್ಲೂ ನಿಲ್ಲದೆ, ಹಳಿ ದಾಟಿ, ಅಕ್ಕನ ಬಾಗಿಲಿಗೆ ಹೋಗಿ ನಿಂತ. ಬೀದಿಯಲ್ಲಿ ದೀಪಗಳಿದ್ದವು. ಕೈ ಎತ್ತಿ ಬಾಗಿಲು ತಟ್ಟಿದ.

“ಯಾರು?”

“ನಾನು ಅಕ್ಕ. ಬಂದೆ.”

ಅಕ್ಕ ಬಾಗಿಲು ತೆಗೆದಳು. ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು, ನಿಜವಾಗಿ ಬಂದಿದ್ದಾನೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ. ಆಮೇಲೆ ಹಿಂದಿನ ಕೋಣೆಯ ಕಡೆ ತಿರುಗಿ, ಕತ್ತಲು ಕಳೆದಾಗ ಬೀದಿಯೆಲ್ಲ ಕೂಗುವ ಆ ಮಾತನ್ನು, ಮರಿಗಳಿಗೆ ತೊಂದರೆಯಾಗದಷ್ಟು ಮೆಲ್ಲಗೆ ಹೇಳಿದಳು.

“ಬಂತು.”